ಇವತ್ತು ಏನು ತೆಗೆಯಲಿ? ದಿನಕ್ಕೊಂದು ಫೋಟೋ ಸವಾಲಿಗೆ ಹಂತ ಹಂತದ ಮಾರ್ಗದರ್ಶಿ

“ಕ್ಯಾಮೆರಾ ಇದೆ, ಆಸೆಯೂ ಇದೆ. ಆದರೆ ಏನು ತೆಗೆಯಬೇಕು ಅಂತಾನೇ ಹೊಳೆಯಲ್ಲ.” ಓದುಗರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವುದು ಇದನ್ನೇ. ಕೇಳುವವರಲ್ಲಿ ಈಗಷ್ಟೇ ಶುರು ಮಾಡಿದವರಿದ್ದಾರೆ. ನಾಲ್ಕೈದು ವರ್ಷ ಚೆನ್ನಾಗಿ ಫೋಟೋ ತೆಗೆದು, ಈಗ ಕ್ಯಾಮೆರಾ ಚೀಲದಿಂದ ಆಚೆ ಬಂದು ತಿಂಗಳುಗಳಾದವು ಅನ್ನುವವರೂ ಇದ್ದಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ: ದಿನಕ್ಕೊಂದು ಫೋಟೋ ತೆಗೆಯುವ ಸವಾಲು ಹಾಕಿಕೊಳ್ಳಿ. ಆದರೆ ಇಷ್ಟು ಹೇಳಿ ಬಿಟ್ಟರೆ ಸಾಲದು. ಹುರುಪಿನಿಂದ ಶುರು ಮಾಡಿದ ಬಹಳಷ್ಟು ಜನ ಎರಡನೇ ವಾರದಲ್ಲಿ ಕೈ ಚೆಲ್ಲುತ್ತಾರೆ. ಅದಕ್ಕೆ ಈ ಸಲ ಮೊದಲಿಂದ ಕೊನೆಯವರೆಗೆ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊಳೆಯುತ್ತಿಲ್ಲ ಅಂದ ಮಾತ್ರಕ್ಕೆ ನಿಮ್ಮಲ್ಲಿ ಕಲ್ಪನೆ ಕಡಿಮೆ ಅಂತ ಅಂದುಕೊಳ್ಳಬೇಡಿ. ನಿಮ್ಮ ಮುಂದೆ ಆಯ್ಕೆ ಜಾಸ್ತಿ ಇದೆ, ಅಷ್ಟೇ. ‘ಏನನ್ನು ಬೇಕಾದರೂ ತೆಗೆ’ ಅಂದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ‘ಈ ಕೋಣೆಯಲ್ಲಿರುವ ನೆರಳು ಮಾತ್ರ ತೆಗೆ’ ಅಂದರೆ ಎರಡೇ ನಿಮಿಷದಲ್ಲಿ ನಾಲ್ಕು ಫೋಟೋ ಕಾಣಿಸುತ್ತವೆ. ಬೇಕಿದ್ದರೆ ಓದುವುದನ್ನು ನಿಲ್ಲಿಸಿ ಈಗಲೇ ಒಮ್ಮೆ ಸುತ್ತ ನೋಡಿ. ಕುರ್ಚಿಯ ಕಾಲಿನದು, ಪರದೆಯ ಅಂಚಿನದು, ನಿಮ್ಮದೇ ಬೆರಳಿನದು. ಮುಂದಿನ ಎಲ್ಲ ಹಂತಗಳಲ್ಲೂ ನಾವು ಮಾಡುವುದು ಇಷ್ಟೇ: ದಿನಾ ಆಯ್ಕೆಯನ್ನು ಒಂದಿಷ್ಟು ಕಡಿಮೆ ಮಾಡಿ, ಅಲ್ಲಿ ಕಣ್ಣನ್ನು ಸ್ವಲ್ಪ ಹೊತ್ತು ಕೂರಿಸುವುದು.

ಏನೇನು ಬೇಕು

ಫೋನ್ ಇದ್ದರೆ ಸಾಕು. ಬೇರೆ ಕ್ಯಾಮೆರಾ ಇದ್ದರೆ ಅದೂ ಸರಿ. ಆದರೆ ಪೂರ್ತಿ ತಿಂಗಳು ಒಂದನ್ನೇ ಬಳಸಿ. ಲೆನ್ಸ್ ಬದಲಾಯಿಸುವ ಕ್ಯಾಮೆರಾ ಆದರೆ ಒಂದೇ ಲೆನ್ಸ್ ಹಾಕಿಕೊಂಡಿರಿ. ದಿನಾ ಯಾವುದನ್ನು ಎತ್ತಿಕೊಳ್ಳಲಿ ಅನ್ನುವ ಯೋಚನೆಯಲ್ಲೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ.

ಒಂದು ಸಣ್ಣ ನೋಟ್‌ಬುಕ್ ಬೇಕು. ಒಂದು ಡಬ್ಬಿ, ಮೂವತ್ತು ಕಾಗದದ ಚೀಟಿ ಬೇಕು. ಲೆನ್ಸ್ ಒರೆಸಲು ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆ ಬೇಕು. ಈ ಬಟ್ಟೆ ಯಾಕೆ ಅಂದರೆ, ಫೋನ್ ಫೋಟೋ ಮಂಜು ಮಂಜಾಗಿ ಬಂತು, ದೀಪದ ಸುತ್ತ ಬೆಳಕು ಹರಡಿಕೊಂಡಿತು ಅನ್ನುವ ದೂರುಗಳಲ್ಲಿ ಎಷ್ಟೋ ಲೆನ್ಸ್ ಮೇಲಿನ ಬೆರಳಿನ ಜಿಡ್ಡಿನಿಂದ ಬಂದವು. ಪ್ರತಿ ಸಲ ತೆಗೆಯುವ ಮುಂಚೆ ಒಮ್ಮೆ ಒರೆಸಿ.

ಫೋನ್ ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ ‘ಗ್ರಿಡ್’ ಆನ್ ಮಾಡಿ. ಗ್ರಿಡ್ ಅಂದರೆ ಪರದೆಯ ಮೇಲೆ ಕಾಣುವ ಎರಡು ಅಡ್ಡ, ಎರಡು ಉದ್ದ ಗೆರೆ. ಇವು ಫೋಟೋದಲ್ಲಿ ಬರುವುದಿಲ್ಲ. ಗೋಡೆ, ಮೇಜು ಓರೆಯಾಗದಂತೆ ನೋಡಿಕೊಳ್ಳಲು ಸಹಾಯ ಮಾಡುತ್ತವೆ.

ಹಂತ 1: ಅವಧಿ ಮತ್ತು ನಿಯಮ ಬರೆದಿಡಿ

ನೇರವಾಗಿ 365 ದಿನದ ಸವಾಲಿಗೆ ಇಳಿಯಬೇಡಿ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವ ಗಾದೆ ಇಂಥದ್ದಕ್ಕೇ ಹುಟ್ಟಿದ್ದು. ಮೊದಲ ಸುತ್ತು 30 ದಿನ ಇರಲಿ.

ಮೂವತ್ತು ದಿನದಲ್ಲಿ ಅಭ್ಯಾಸ ಗಟ್ಟಿಯಾಗಿಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಹೊಸ ಕೆಲಸ ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಸರಾಸರಿ 66 ದಿನ ಬೇಕು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕಾದೀತು ಅನ್ನುವುದು ಅವರ ಅಂದಾಜು. ಅಂದರೆ ಇಪ್ಪತ್ತೈದನೇ ದಿನವೂ ನಿಮಗೆ ‘ಅಯ್ಯೋ, ಇವತ್ತೂ ತೆಗೀಬೇಕಲ್ಲ’ ಅನ್ನಿಸಿದರೆ ಅದು ಸಹಜ. ನಿಮ್ಮಲ್ಲೇನೋ ಕೊರತೆ ಇದೆ ಅಂತ ತಿಳಿಯಬೇಡಿ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ದಿನ ಯಾವಾಗ ಮುಗಿಯುತ್ತದೆ, ರಾತ್ರಿ ಹನ್ನೆರಡಕ್ಕೋ, ನೀವು ಮಲಗಿದಾಗಲೋ? ಎಡಿಟ್ ಎಷ್ಟು ಮಾಡಬಹುದು? ಹಳೆಯ ಫೋಟೋ ಸೇರಿಸಬಹುದಾ? ಒಂದು ದಿನ ತಪ್ಪಿದರೆ ಏನು? ನನ್ನ ಉತ್ತರಗಳು ಹೀಗಿವೆ: ಮಲಗುವವರೆಗೆ ದಿನ. ಬೆಳಕು ಹೆಚ್ಚು ಕಡಿಮೆ ಮಾಡುವುದು, ಅಂಚು ಕತ್ತರಿಸುವುದು, ಕಪ್ಪು ಬಿಳುಪು ಮಾಡುವುದು, ಇಷ್ಟೇ ಎಡಿಟ್. ಹಳೆಯದು ಬೇಡವೇ ಬೇಡ. ತಪ್ಪಿದ ದಿನ ಖಾಲಿ ಬಿಟ್ಟು ಮುಂದಕ್ಕೆ. ನಿಮ್ಮ ಉತ್ತರ ಬೇರೆ ಇರಬಹುದು, ತೊಂದರೆ ಇಲ್ಲ. ಮೊದಲೇ ಬರೆದಿಟ್ಟಿರಬೇಕು ಅನ್ನುವುದು ಮುಖ್ಯ. ಸುಸ್ತಾದ ರಾತ್ರಿ ಕೂತು ನಿಯಮ ಮಾಡಲು ಹೋದರೆ ಅದು ಯಾವಾಗಲೂ ಸಡಿಲವಾಗಿಯೇ ಇರುತ್ತದೆ.

ಹಂತ 2: ಚೀಟಿಗಳನ್ನು ಬರೆಯಿರಿ

ಪ್ರತಿ ದಿನಕ್ಕೊಂದು ಸುಳಿವು ಬೇಕು. ಸಿದ್ಧ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿ ಎಷ್ಟೋ ‘ಸಂತೋಷ’, ‘ನೆನಪು’, ‘ಸ್ವಾತಂತ್ರ್ಯ’ ಅನ್ನುವಂಥ ಪದಗಳಿಂದ ತುಂಬಿರುತ್ತವೆ. ನಾನು ಮೊದಲ ಸಲ ಇಂಥದ್ದೇ ಪಟ್ಟಿ ಹಿಡಿದುಕೊಂಡು ಹೊರಟಿದ್ದೆ. ಆರನೇ ದಿನ ‘ಸ್ವಾತಂತ್ರ್ಯ’ ಬಂತು. ಒಂದು ಗಂಟೆ ಓಡಾಡಿ ಬರಿಗೈಲಿ ವಾಪಸ್ ಬಂದೆ. ಏಳನೇ ದಿನ ಕ್ಯಾಮೆರಾ ಮುಟ್ಟಲಿಲ್ಲ. ಸ್ವಾತಂತ್ರ್ಯವನ್ನು ಕಣ್ಣು ನೇರವಾಗಿ ಹುಡುಕಲಾರದು. ಮೊದಲು ತಲೆ ಯೋಚಿಸಬೇಕು, ಆಮೇಲೆ ಕಣ್ಣು ಹುಡುಕಬೇಕು. ದಿನದ ಹದಿನೈದು ನಿಮಿಷದಲ್ಲಿ ಅದಾಗುವ ಕೆಲಸವಲ್ಲ.

ಸುಳಿವು ಕಣ್ಣಿಗೆ ಕಾಣುವಂಥದ್ದಾಗಿರಲಿ. ಇವನ್ನು ಚೀಟಿಗಳಲ್ಲಿ ಬರೆದುಕೊಳ್ಳಿ:

ಬೆಳಕಿನವು: ನೆರಳು ಮಾತ್ರ, ಬೆಳಕು ವಸ್ತುವಿನ ಹಿಂದಿನಿಂದ, ಗಾಜಿನ ಮೂಲಕ, ಪ್ರತಿಬಿಂಬ, ಒಂದೇ ದೀಪ, ಮುಕ್ಕಾಲು ಪಾಲು ಕತ್ತಲೆ.

ಆಕಾರದವು: ಗೋಲ, ಮೂರು, ಓರೆ ಗೆರೆ, ತುಂಬಾ ಖಾಲಿ ಜಾಗ, ಸಾಲು ಮತ್ತು ಸಾಲು ತಪ್ಪಿದ್ದು, ಒಂದೇ ಬಣ್ಣ.

ನಿಲ್ಲುವ ಜಾಗದವು: ಮಂಡಿಯ ಎತ್ತರದಿಂದ; ನೇರ ಮೇಲಿನಿಂದ; ಬಾಗಿಲ ಚೌಕಟ್ಟಿನ ಒಳಗಿಂದ; ಒಂದು ಅಡಿ ದೂರದಿಂದ; ಕೂತ ಜಾಗದಿಂದ ಏಳದೆ.

ಗುರುತಿನವು: ತೂಗುತ್ತಿರುವುದು, ತಿರುಗುತ್ತಿರುವುದು, ಸವೆದದ್ದು, ಮಡಚಿದ್ದು, ಸುಕ್ಕು, ಒದ್ದೆ, ಕೆಲಸ ಮಾಡುವ ಕೈ, ಮುಖ ಕಾಣದ ಭಾವಚಿತ್ರ, ಯಾರೋ ಈಗಷ್ಟೇ ಎದ್ದುಹೋದ ಜಾಗ, ನಿನ್ನೆ ತೆಗೆದ ವಸ್ತುವೇ ಮತ್ತೆ.

ಇಪ್ಪತ್ತೇಳಾಯಿತು. ಉಳಿದ ಮೂರು ಚೀಟಿ ಖಾಲಿ ಇಡಿ. ಖಾಲಿ ಚೀಟಿ ಬಂದ ದಿನ ನಿಮಗೆ ಬೇಕಾದ್ದು ತೆಗೆಯಬಹುದು. ಎಲ್ಲವನ್ನೂ ಮಡಚಿ ಡಬ್ಬಿಗೆ ಹಾಕಿ. ದಿನಾ ಬೆಳಿಗ್ಗೆ ಒಂದು ಎತ್ತಿ. ರಾತ್ರಿಗೆ ಬಿಡಬೇಡಿ. ಬೆಳಿಗ್ಗೆ ಎತ್ತಿದರೆ ಸುಳಿವು ಇಡೀ ದಿನ ತಲೆಯ ಮೂಲೆಯಲ್ಲಿ ಕೂತಿರುತ್ತದೆ. ಬೇರೆ ಕೆಲಸ ಮಾಡುತ್ತಿರುವಾಗಲೇ ‘ಅರೆ, ಇಲ್ಲೊಂದು ಓರೆ ಗೆರೆ’ ಅಂತ ಕಣ್ಣು ತಾನಾಗಿ ನಿಲ್ಲುತ್ತದೆ. ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ ನೋಡುವುದು ನಡೆಯುತ್ತಿರುತ್ತದೆ. ಈ ಸವಾಲಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಎಚ್ಚರಿಕೆ: ಚೀಟಿ ಇಷ್ಟವಾಗಲಿಲ್ಲ ಅಂತ ಬದಲಾಯಿಸಬೇಡಿ. ಒಂದು ಸಲ ಬದಲಾಯಿಸಿದರೆ ಮತ್ತೆ ‘ಏನು ಬೇಕಾದರೂ’ ಅನ್ನುವ ಜಾಗಕ್ಕೇ ಬಂದು ನಿಲ್ಲುತ್ತೀರಿ.

ಹಂತ 3: ಹೊತ್ತು ಗೊತ್ತು ಮಾಡಿ

ಹದಿನೈದು ನಿಮಿಷ ಸಾಕು. ಅದನ್ನು ಈಗಾಗಲೇ ದಿನಾ ಮಾಡುವ ಯಾವುದಾದರೂ ಕೆಲಸದ ಬೆನ್ನಿಗೆ ಕಟ್ಟಿ. ಕೆಲಸ ಮುಗಿಸಿ ಮನೆಗೆ ಬಂದ ತಕ್ಷಣ, ಅಥವಾ ಬೆಳಿಗ್ಗೆ ಮುಖ ತೊಳೆದ ಮೇಲೆ. ‘ಸಮಯ ಸಿಕ್ಕಾಗ’ ಅಂತ ಬಿಟ್ಟರೆ ಸಿಗುವುದಿಲ್ಲ.

ಸಾಧ್ಯವಾದರೆ ಸೂರ್ಯ ಹುಟ್ಟಿದ ಮೇಲಿನ ಅಥವಾ ಮುಳುಗುವ ಮುಂಚಿನ ಒಂದು ಗಂಟೆ ಆರಿಸಿಕೊಳ್ಳಿ. ಇದನ್ನು ‘ಗೋಲ್ಡನ್ ಅವರ್’ ಅನ್ನುತ್ತಾರೆ. ಸೂರ್ಯ ಕೆಳಗಿರುವಾಗ ಬೆಳಕು ಹೆಚ್ಚು ದಪ್ಪ ವಾತಾವರಣ ದಾಟಿ ಬರುತ್ತದೆ. ದಾರಿಯಲ್ಲಿ ನೀಲಿ ಚದುರಿಹೋಗಿ ಹಳದಿ, ಕೆಂಪು ಉಳಿಯುತ್ತದೆ. ನೆರಳು ಉದ್ದವಾಗುತ್ತದೆ, ಗೋಡೆಯ ಒರಟು ಕೂಡ ಎದ್ದು ಕಾಣುತ್ತದೆ. ನಡು ಮಧ್ಯಾಹ್ನವೇ ಬಿಡುವು ಸಿಗುವವರು ಬೇಸರ ಪಡಬೇಡಿ. ಆಗ ನೆರಳು ಗಟ್ಟಿ ಅಂಚಿನದಾಗಿ, ಕಡುಕಪ್ಪಾಗಿ ಬೀಳುತ್ತದೆ. ಆಕಾರದ ಚೀಟಿಗಳಿಗೆ ಅದೇ ಚೆನ್ನ. ಇಲ್ಲವೇ ಒಳಗೆ ಕಿಟಕಿಯ ಪಕ್ಕ ಕೆಲಸ ಮಾಡಿ.

ದೀಪದ ಬೆಳಕಿನಲ್ಲೇ ತೆಗೆಯಬೇಕು ಅನ್ನುವವರಿಗೆ ಎರಡು ಮಾತು. ವಿದ್ಯುತ್ ದೀಪಗಳಲ್ಲಿ ಎಷ್ಟೋ ನಮ್ಮ ಕಣ್ಣಿಗೆ ಕಾಣದಂತೆ ಮಿಣುಕುತ್ತಿರುತ್ತವೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ಸೆಕೆಂಡಿಗೆ 100 ಸಲ. ಫೋಟೋದಲ್ಲಿ ಅಡ್ಡ ಪಟ್ಟೆಗಳು ಬಂದರೆ ಕಾರಣ ಇದೇ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ (60 ಹರ್ಟ್ಸ್ ವಿದ್ಯುತ್ ಇರುವಲ್ಲಿ 1/60 ಅಥವಾ 1/120), ಪಟ್ಟೆ ಹೋಗುತ್ತದೆ. ಶಟರ್ ವೇಗ ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಅನ್ನುವುದು. ಫೋನಿನಲ್ಲಿ ‘ಪ್ರೊ’ ಮೋಡ್‌ ಇದ್ದರೆ ಅಲ್ಲಿ ಸಿಗುತ್ತದೆ. ಎರಡನೆಯದು: ಕಿಟಕಿಯ ಬೆಳಕು ಇರುವಾಗ ಬಲ್ಬನ್ನೂ ಹಚ್ಚಬೇಡಿ. ಹಗಲ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬು 3000 ಕೆಲ್ವಿನ್ ಒಳಗೆ. ಕೆಲ್ವಿನ್ ಇಲ್ಲಿ ಬೆಳಕಿನ ಬಣ್ಣದ ಅಳತೆ. ಎರಡೂ ಸೇರಿದರೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಕಿತ್ತಳೆ ಬಂದು ಸರಿಮಾಡಲು ಆಗುವುದೇ ಇಲ್ಲ.

ಹಂತ 4: ತೆಗೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಚೀಟಿಯಲ್ಲಿ ‘ಗಾಜಿನ ಮೂಲಕ’ ಅಂತ ಬಂದಿದೆ ಅಂದುಕೊಳ್ಳಿ. ಒಂದು ಉದ್ದನೆಯ ಗಾಜಿನ ಲೋಟಕ್ಕೆ ನೀರು ತುಂಬಿ, ಕಿಟಕಿಯಿಂದ ಒಂದು ತೋಳಿನಷ್ಟು ದೂರದ ಮೇಜಿನ ಮೇಲಿಡಿ. ಕೋಣೆಯ ದೀಪ ಆರಿಸಿ.

ಮೊದಲು ಕಿಟಕಿಗೆ ಬೆನ್ನು ಮಾಡಿ ನಿಂತು ಒಂದು ತೆಗೆಯಿರಿ. ಲೋಟ ಚಪ್ಪಟೆಯಾಗಿ, ಸಪ್ಪೆಯಾಗಿ ಕಾಣುತ್ತದೆ. ವಸ್ತುವಿನ ಮೇಲೆ ಎದುರಿನಿಂದ ಬೀಳುವ ಬೆಳಕಿನ ಗುಣವೇ ಅದು: ಎಲ್ಲವನ್ನೂ ಸಮನಾಗಿ ತೋರಿಸಿ ಉಬ್ಬುತಗ್ಗನ್ನು ಅಳಿಸಿಬಿಡುತ್ತದೆ.

ಈಗ ಕಿಟಕಿ ನಿಮ್ಮ ಎಡಕ್ಕೆ ಬರುವಂತೆ ತಿರುಗಿ. ಲೋಟದ ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಬಿಸಿಲು ನೇರ ಬೀಳುತ್ತಿದ್ದರೆ ಮೇಜಿನ ಮೇಲಿನ ನೆರಳನ್ನು ನೋಡಿ. ನೆರಳಿನ ನಡುವೆಯೇ ಒಂದು ಬೆಳಕಿನ ಗೆರೆ ಬಾಗಿಕೊಂಡು ಬಿದ್ದಿರುತ್ತದೆ. ನೀರು ತುಂಬಿದ ಲೋಟ ಲೆನ್ಸಿನಂತೆ ಬೆಳಕನ್ನು ಒಂದೆಡೆ ಸೇರಿಸುವುದರಿಂದ ಬಂದದ್ದು ಅದು. ಲೋಟವನ್ನು ಮೆಲ್ಲಗೆ ಅಲುಗಿಸಿ, ಗೆರೆ ನಡುಗುತ್ತದೆ. ಬರೀ ಆ ಗೆರೆಯನ್ನೇ ಚೌಕಟ್ಟಿನ ತುಂಬ ತೆಗೆದರೆ ಅದು ಲೋಟದ ಫೋಟೋ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮೂರನೆಯದಾಗಿ ಕಿಟಕಿಗೆ ಎದುರಾಗಿ ನಿಲ್ಲಿ, ಲೋಟ ನಡುವೆ ಇರಲಿ. ಅಂಚುಗಳು ಕಪ್ಪು ಗೆರೆಗಳಾಗಿ ಮೂಡುತ್ತವೆ. ಫೋನಿನ ಪರದೆಯಲ್ಲಿ ಲೋಟದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಎಕ್ಸ್‌ಪೋಷರ್ ಅಲ್ಲೇ ಬೀಗ ಹಾಕಿದಂತೆ ನಿಲ್ಲುತ್ತವೆ. ಎಕ್ಸ್‌ಪೋಷರ್ ಅಂದರೆ ಫೋಟೋಗೆ ಸಿಗುವ ಒಟ್ಟು ಬೆಳಕು. ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಚಿತ್ರ ಕಪ್ಪಾಗುತ್ತಾ ಹೋಗುತ್ತದೆ, ಕೋಣೆಯ ಗಲೀಜೆಲ್ಲ ಕತ್ತಲೆಯಲ್ಲಿ ಮುಳುಗಿ ಲೋಟ ಮಾತ್ರ ಉಳಿಯುತ್ತದೆ. ಫೋನ್ ಕ್ಯಾಮೆರಾದಲ್ಲಿ ನೀವು ಒಂದೇ ಒಂದು ತಂತ್ರ ಕಲಿಯುವುದಾದರೆ ಇದನ್ನು ಕಲಿಯಿರಿ ಅನ್ನುತ್ತೇನೆ.

ಇನ್ನೂ ಹತ್ತಿರ ಹೋಗಿ. ದುಂಡನೆಯ ಲೋಟದ ನೀರಿನ ಮೂಲಕ ಸ್ವಲ್ಪ ದೂರದ ವಸ್ತುವನ್ನು ನೋಡಿದರೆ ಅದು ಎಡಬಲ ಅದಲುಬದಲಾಗಿ ಕಾಣುತ್ತದೆ. ಹಿಂದೆ ಒಂದು ಬಾಣದ ಗುರುತು ಬರೆದು ನಿಲ್ಲಿಸಿ, ದಿಕ್ಕು ತಿರುಗಿರುತ್ತದೆ. ನೀರು ಮೂರ್ನಾಲ್ಕು ಗಂಟೆ ನಿಂತಿದ್ದರೆ ಒಳಗೋಡೆಗೆ ಪುಟ್ಟ ಪುಟ್ಟ ಗುಳ್ಳೆ ಅಂಟಿಕೊಂಡಿರುತ್ತವೆ. ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುವಾಗ ಆಗುವುದು ಅದು. ಪ್ರತಿ ಗುಳ್ಳೆಯಲ್ಲೂ ಕಿಟಕಿಯ ಒಂದು ಚೂರು ಮಿನುಗುತ್ತದೆ. ತೀರಾ ಹತ್ತಿರ ಹೋದಾಗ ಫೋಕಸ್ ಕೂರದೆ ಇದ್ದರೆ ಸ್ವಲ್ಪ ಹಿಂದೆ ಸರಿದು ತೆಗೆದು, ಆಮೇಲೆ ಅಂಚು ಕತ್ತರಿಸಿ.

ನೋಡಿ, ಒಂದು ಲೋಟ ನೀರಿನಲ್ಲಿ ಐದಾರು ಬೇರೆ ಬೇರೆ ಫೋಟೋ ಸಿಕ್ಕವು. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ದಪ್ಪ ಮೆಣಸಿನಕಾಯಿಗಳನ್ನು ಹಿಡಿದು ಹೀಗೇ ಮತ್ತೆ ಮತ್ತೆ ತೆಗೆಯುತ್ತಾ ಹೋದರು. ಹಿನ್ನೆಲೆ ಬದಲಾಯಿಸಿದರು, ಬೆಳಕು ಬದಲಾಯಿಸಿದರು. ಕೊನೆಗೆ ಒಂದನ್ನು ತಗಡಿನ ದೊಡ್ಡ ಆಲಿಕೆಯೊಳಗೆ ಇಟ್ಟಾಗ ಸುತ್ತಲಿಂದ ಮೆತ್ತನೆ ಬೆಳಕು ಪುಟಿದು ಬಂದು ಅವರಿಗೆ ಬೇಕಾದ್ದು ಸಿಕ್ಕಿತು. ಆ ಚಿತ್ರದ ಹೆಸರು ‘ಪೆಪ್ಪರ್ ನಂಬರ್ 30’. ಹೆಸರಿನಲ್ಲಿರುವ ಅಂಕಿಯನ್ನು ಗಮನಿಸಿ.

ಈ ಹಂತದಲ್ಲಿ ಜನ ಎಡವುವ ಜಾಗಗಳು ಮೂರು.

ಒಂದು, ನಿಂತಲ್ಲೇ ನಿಂತು ಝೂಮ್ ಮಾಡುವುದು. ಫೋನಿನ ಡಿಜಿಟಲ್ ಝೂಮ್ ಅಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. ವಿವರ ಹಾಳಾಗುತ್ತದೆ. ಎರಡು ಹೆಜ್ಜೆ ಮುಂದೆ ಹೋಗಿ.

ಎರಡು, ಎಲ್ಲವನ್ನೂ ಎದೆಯ ಎತ್ತರದಿಂದ ತೆಗೆಯುವುದು. ಹಾಗೆ ನಾವು ದಿನವಿಡೀ ನೋಡುತ್ತಲೇ ಇರುತ್ತೇವೆ ಅಲ್ವಾ? ಕೂತು ತೆಗೆಯಿರಿ, ನೆಲಕ್ಕೆ ಮಲಗಿ ತೆಗೆಯಿರಿ, ಸ್ಟೂಲ್ ಹತ್ತಿ ಕೆಳಗೆ ನೋಡಿ.

ಮೂರನೆಯದು ದೊಡ್ಡದು: ಸಿಕ್ಕಾಪಟ್ಟೆ ಕ್ಲಿಕ್ಕಿಸುವುದು. ನೂರು ತೆಗೆದರೆ ಒಂದಾದರೂ ಚೆನ್ನಾಗಿರುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಗ ಕಣ್ಣು ಕೆಲಸ ಬಿಟ್ಟು ಬೆರಳು ಕೆಲಸ ಮಾಡುತ್ತದೆ. ದಿನಕ್ಕೆ ಹತ್ತು ಕ್ಲಿಕ್ ಅಂತ ಮಿತಿ ಹಾಕಿಕೊಳ್ಳಿ. ಪ್ರಕೃತಿ ಛಾಯಾಗ್ರಾಹಕ ಜಿಮ್ ಬ್ರಾಂಡೆನ್‌ಬರ್ಗ್ 1994ರಲ್ಲಿ ಶರತ್ಕಾಲದ ವಿಷುವದಿಂದ (ಹಗಲು ರಾತ್ರಿ ಸಮನಾಗುವ ದಿನ) ಚಳಿಗಾಲದ ಅಯನ ಸಂಕ್ರಾಂತಿಯವರೆಗೆ (ವರ್ಷದ ಅತಿ ಚಿಕ್ಕ ಹಗಲಿನ ದಿನ), 90 ದಿನ, ದಿನಕ್ಕೆ ಒಂದೇ ಒಂದು ಸಲ ಶಟರ್ ಒತ್ತುವ ಪಣ ತೊಟ್ಟಿದ್ದರು. ಎರಡನೇ ಅವಕಾಶ ಇಲ್ಲ. ವಾರಕ್ಕೊಂದು ದಿನ ನೀವೂ ಇದನ್ನು ಮಾಡಿ ನೋಡಿ. ಒತ್ತುವ ಮುಂಚೆ ಚೌಕಟ್ಟಿನ ನಾಲ್ಕು ಮೂಲೆಯನ್ನೂ ನೋಡುವ ಅಭ್ಯಾಸ ಆ ಒಂದು ದಿನದಲ್ಲಿ ಬರುತ್ತದೆ.

ಹಂತ 5: ಅದೇ ದಿನ ಒಂದನ್ನು ಆರಿಸಿ, ಒಂದು ಸಾಲು ಬರೆಯಿರಿ

ಮಲಗುವ ಮುಂಚೆ ಹತ್ತರಲ್ಲಿ ಒಂದನ್ನು ಉಳಿಸಿಕೊಳ್ಳಿ. ಎರಡು ಬೇಡ. ‘ಇವೆರಡೂ ಚೆನ್ನಾಗಿವೆ’ ಅನ್ನಿಸಿದಾಗ ಯಾವುದು ಯಾಕೆ ಮೇಲು ಅಂತ ಹೇಳಿಕೊಳ್ಳುವುದೇ ಪಾಠ. ಎರಡನ್ನೂ ಇಟ್ಟುಕೊಂಡರೆ ಆ ಪಾಠ ತಪ್ಪಿಹೋಗುತ್ತದೆ.

ನೋಟ್‌ಬುಕ್ಕಿನಲ್ಲಿ ತಾರೀಕು, ಚೀಟಿಯ ಸುಳಿವು, ಒಂದೇ ಒಂದು ಸಾಲು. ‘ಚೆನ್ನಾಗಿ ಬಂತು’, ‘ಸರಿಯಾಗಿಲ್ಲ’ ಅಂತ ಬರೆಯಬೇಡಿ, ಒಂದು ತಿಂಗಳಾದ ಮೇಲೆ ಅದರಿಂದ ಏನೂ ತಿಳಿಯುವುದಿಲ್ಲ. ‘ಲೋಟ ಅಲುಗಿಸಿದಾಗ ನೆರಳಿನ ಬೆಳಕು ನಡುಗಿತು, ನಾಳೆ ಬಿಸಿಲು ಓರೆ ಇದ್ದಾಗ ಮತ್ತೆ ನೋಡಬೇಕು’ ಅಂತ ಬರೆಯಿರಿ. ಇಂಥ ಸಾಲುಗಳಲ್ಲೇ ಮುಂದಿನ ಫೋಟೋಗಳು ಅಡಗಿರುತ್ತವೆ.

ಎಡಿಟ್ ಐದು ನಿಮಿಷ ಮೀರದಿರಲಿ. ಮೊದಲು ಓರೆ ಸರಿ ಮಾಡಿ, ಆಮೇಲೆ ಅಂಚು ಕತ್ತರಿಸಿ, ಆಮೇಲೆ ಬೆಳಕು. ಸಿದ್ಧ ಫಿಲ್ಟರ್‌ಗಳನ್ನು ಈ ತಿಂಗಳು ಮುಟ್ಟಬೇಡಿ ಅಂತ ಕೇಳಿಕೊಳ್ಳುತ್ತೇನೆ. ಫಿಲ್ಟರ್ ಹಾಕಿದರೆ ಸಾಧಾರಣ ಫೋಟೋ ಕೂಡ ಏನೋ ಚೆನ್ನಾಗಿದೆ ಅನ್ನಿಸುತ್ತದೆ. ಬೆಳಕು ಎಲ್ಲಿ ತಪ್ಪಿತು ಅನ್ನುವುದು ಮುಚ್ಚಿಹೋಗುತ್ತದೆ.

ಹಂತ 6: ಜೋಪಾನ ಮಾಡಿ

ಇದು ಬೇಗ ಮುಗಿಯುವ ವಿಷಯ. ಒಂದು ಫೋಲ್ಡರ್ ಮಾಡಿ, ಫೈಲ್ ಹೆಸರು ವರ್ಷ, ತಿಂಗಳು, ದಿನ, ಸುಳಿವು ಅನ್ನುವ ಕ್ರಮದಲ್ಲಿರಲಿ: ‘2026-03-07-ನೆರಳು’. ಹೀಗಿಟ್ಟರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. 12 ಮೆಗಾಪಿಕ್ಸೆಲ್‌ನ ಫೋನ್ ಫೋಟೋ ಒಂದು ಸಾಮಾನ್ಯವಾಗಿ 3ರಿಂದ 4 ಎಂಬಿ ಇರುತ್ತದೆ, ಆದ್ದರಿಂದ ಜಾಗದ ಚಿಂತೆ ಇಲ್ಲ. ನಕಲಿನ ವಿಷಯದಲ್ಲಿ ಛಾಯಾಗ್ರಾಹಕರು ‘3-2-1’ ಅನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಫೋನ್, ಪೆನ್ ಡ್ರೈವ್, ಕ್ಲೌಡ್ ಆದರೆ ಸಾಕು. ವಾರಕ್ಕೊಮ್ಮೆ ಮಾಡಿ.

ಹಂತ 7: ಎರಡನೇ ವಾರವನ್ನು ದಾಟಿ

ಒಂಬತ್ತರಿಂದ ಹದಿನಾಲ್ಕನೇ ದಿನದ ಹೊತ್ತಿಗೆ ಹುರುಪು ಇಳಿಯುತ್ತದೆ. ಮೊದಲ ವಾರದ ಹೊಸತನ ಮುಗಿದಿರುತ್ತದೆ, ಕಣ್ಣು ಇನ್ನೂ ಪಳಗಿರುವುದಿಲ್ಲ. ಎಲ್ಲವೂ ಮೊದಲೇ ತೆಗೆದದ್ದರಂತೆ ಕಾಣುತ್ತದೆ. ಈ ದಿನಗಳು ಬಂದೇ ಬರುತ್ತವೆ ಅಂತ ಗೊತ್ತಿದ್ದರೆ ಅರ್ಧ ಗೆದ್ದಂತೆ.

ಆ ದಿನಗಳಿಗೆ ಒಂದು ಸುಲಭದ ದಾರಿ ಮೊದಲೇ ಇಟ್ಟುಕೊಳ್ಳಿ. ನನ್ನದು ಇದು: ಮನೆಯ ಒಂದೇ ಕಿಟಕಿಯನ್ನು ತೆಗೆಯುವುದು. ಚೀಟಿ ಏನೇ ಇರಲಿ, ಅದನ್ನು ಕಿಟಕಿಯಲ್ಲೇ ಹುಡುಕುವುದು. ಇದು ಕಾಟಾಚಾರದ ಕೆಲಸವಲ್ಲ. ಜೆಕ್ ಛಾಯಾಗ್ರಾಹಕ ಯೋಸೆಫ್ ಸೂಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಪ್ರಾಗ್ ನಗರದ ತಮ್ಮ ಪುಟ್ಟ ಸ್ಟುಡಿಯೋದ ಕಿಟಕಿಯನ್ನು ಅವರು 1940ರಿಂದ 1954ರವರೆಗೆ ತೆಗೆಯುತ್ತಲೇ ಇದ್ದರು. ಗಾಜಿನ ಮೇಲೆ ಹಬೆ ಕೂತ ದಿನ, ಹನಿ ಇಳಿದ ದಿನ, ಆಚೆ ಮರದ ಮೇಲೆ ಹಿಮ ಬಿದ್ದ ದಿನ. ಒಂದೇ ಕಿಟಕಿ, ಹದಿನಾಲ್ಕು ವರ್ಷ.

ಒಂದು ದಿನ ತಪ್ಪಿಯೇ ಹೋದರೆ? ನೋಟ್‌ಬುಕ್ಕಿನಲ್ಲಿ ‘ತೆಗೆಯಲಿಲ್ಲ’ ಅಂತ ಬರೆದು ಮರುದಿನ ಹೊಸ ಚೀಟಿ ಎತ್ತಿ. ಬಾಕಿ ತೀರಿಸಲು ಒಂದೇ ದಿನ ಎರಡು ತೆಗೆಯಬೇಡಿ, ಬಾಕಿ ಬೆಳೆಯುತ್ತಾ ಹೋಗಿ ಹೊರೆಯಾಗುತ್ತದೆ. ಮೇಲೆ ಹೇಳಿದ ಲಂಡನ್ನಿನ ಅಧ್ಯಯನದಲ್ಲೂ ಒಂದು ಸಲ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಎಷ್ಟೋ ಜನ ನಿಲ್ಲಿಸುವುದು ‘ಸರಪಳಿ ಕಡಿದುಹೋಯ್ತಲ್ಲ, ಇನ್ನೇನು’ ಅನ್ನುವ ಬೇಸರಕ್ಕೆ. ಆ ಮಾತಿಗೆ ಕಿವಿಗೊಡಬೇಡಿ.

ಇನ್ನೊಂದು. ಪ್ರತಿ ಫೋಟೋ ಚೆನ್ನಾಗಿರಲೇಬೇಕು ಅನ್ನುವ ಹಟ ಬೇಡ. ಜೇಮಿ ಲಿವಿಂಗ್‌ಸ್ಟನ್ ಅನ್ನುವವರು 1979ರ ಮಾರ್ಚ್ 31ರಿಂದ ತೆಗೆದ ಕೂಡಲೇ ಚಿತ್ರ ಕೈಗೆ ಕೊಡುವ ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾದಲ್ಲಿ ದಿನಕ್ಕೊಂದು ಫೋಟೋ ತೆಗೆಯಲು ಶುರು ಮಾಡಿ, 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವವರೆಗೆ ಮುಂದುವರಿಸಿದರು. ಅವುಗಳಲ್ಲಿ ಬಿಡಿ ಬಿಡಿಯಾಗಿ ನೋಡಿದರೆ ತೀರಾ ಮಾಮೂಲಿ ಅನ್ನಿಸುವ ಚಿತ್ರಗಳು ಬೇಕಾದಷ್ಟಿವೆ: ಗೆಳೆಯರು, ಕೋಣೆ, ಮೇಜು. ಸಾಲಾಗಿ ನೋಡುವಾಗ ಕಣ್ಣು ಒದ್ದೆಯಾಗುತ್ತದೆ.

ಹಂಚಿಕೊಳ್ಳುವವರಿಗೆ ಎಚ್ಚರಿಕೆ

ದಿನಾ ಇತರರಿಗೆ ತೋರಿಸಬೇಕು ಅಂತೇನೂ ಇಲ್ಲ. ತೋರಿಸುವುದಾದರೆ ವಾರಕ್ಕೊಮ್ಮೆ ತೋರಿಸಿ. ದಿನಾ ಲೈಕ್ ಎಣಿಸಲು ಕೂತರೆ, ನಿಮಗೇ ಗೊತ್ತಿಲ್ಲದಂತೆ ಲೈಕ್ ಬರುವಂಥದ್ದನ್ನೇ ತೆಗೆಯಲು ಶುರು ಮಾಡುತ್ತೀರಿ. ನಿಮ್ಮ ಕಣ್ಣು ಯಾವ ಕಡೆ ಹೋಗುತ್ತದೆ ಅನ್ನುವುದು ಆಮೇಲೆ ತಿಳಿಯುವುದೇ ಇಲ್ಲ.

ಫೋನ್ ಫೋಟೋದ ಫೈಲಿನೊಳಗೆ ತೆಗೆದ ಜಾಗದ ಗುರುತು ಸೇರಿರಬಹುದು. ಇಂಥ ಅಡಗಿದ ಮಾಹಿತಿಗೆ ‘ಮೆಟಾಡೇಟಾ’ ಅನ್ನುತ್ತಾರೆ. ಹೆಚ್ಚಿನ ಫೋಟೋಗಳನ್ನು ಮನೆಯಲ್ಲೇ ತೆಗೆಯುತ್ತಿರುವುದರಿಂದ, ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಡಬೇಡಿ. ಜನರನ್ನು ತೆಗೆಯುವಾಗ ಕೇಳಿ ತೆಗೆಯಿರಿ. ಮಕ್ಕಳಾದರೆ ಹೆತ್ತವರನ್ನು ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ.

ಹಂತ 8: ಹರಡಿ ನೋಡಿ

ಹತ್ತನೇ ದಿನ, ಇಪ್ಪತ್ತನೇ ದಿನ ಮತ್ತು ಕೊನೆಯ ದಿನ ಎಲ್ಲ ಫೋಟೋಗಳನ್ನು ಒಟ್ಟಿಗೆ ನೋಡಿ. ಫೋನಿನಲ್ಲಿ ಒಂದಾದ ಮೇಲೊಂದು ಸರಿಸುತ್ತಾ ನೋಡಿದರೆ ಸಾಲದು. ಸಣ್ಣ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಕಂಪ್ಯೂಟರಿನಲ್ಲಿ ಎಲ್ಲ ಒಂದೇ ಪರದೆಯಲ್ಲಿ ಕಾಣುವಂತೆ ಚಿಕ್ಕದು ಮಾಡಿ.

ಯಾವುದು ಚೆನ್ನಾಗಿದೆ ಅಂತ ನೋಡಬೇಡಿ. ಏನು ಮರುಕಳಿಸುತ್ತಿದೆ ಅಂತ ನೋಡಿ. ಯಾವ ಬಣ್ಣ ಮತ್ತೆ ಮತ್ತೆ ಬಂದಿದೆ? ಹತ್ತಿರದಿಂದ ತೆಗೆದವು ಜಾಸ್ತಿಯೋ, ದೂರದಿಂದ ತೆಗೆದವೋ? ಮನುಷ್ಯರು ಇದ್ದಾರಾ? ಖಾಲಿ ಚೀಟಿಯ ಮೂರು ದಿನ ಏನು ತೆಗೆದಿದ್ದೀರಿ? ಚೀಟಿ ಬೇರೆ ಬೇರೆ ಇದ್ದರೂ ನೀವು ಮಾತ್ರ ಒಂದೇ ವಸ್ತುವಿನ ಕಡೆ ಹೋಗಿರುತ್ತೀರಿ. ನನ್ನ ಎರಡನೇ ಸುತ್ತಿನ ಫೋಟೋಗಳನ್ನು ನೆಲದ ಮೇಲೆ ಹರಡಿದಾಗ ನೇತಾಡುವ ವಸ್ತುಗಳೇ ಎದ್ದು ಕಂಡವು. ಮೊಳೆಗೆ ಸಿಕ್ಕಿಸಿದ ಬೀಗದ ಕೈ, ಬಾಗಿಲ ಹಿಂದಿನ ಅಂಗಿ, ಹಗ್ಗದ ಮೇಲೆ ಒಂದೇ ಒಂದು ಕಾಲುಚೀಲ. ‘ಗೋಲ’ ಅನ್ನುವ ದಿನವೂ ನಾನು ನೇತುಹಾಕಿದ ಹಗ್ಗದ ಸುರುಳಿಯನ್ನೇ ತೆಗೆದಿದ್ದೆ. ಹರಡಿ ನೋಡುವವರೆಗೆ ಇದು ನನಗೆ ಗೊತ್ತೇ ಇರಲಿಲ್ಲ.

ನೀವು ಹುಡುಕುತ್ತಿದ್ದ ಸ್ಫೂರ್ತಿ ಇಲ್ಲಿ ಸಿಗುತ್ತದೆ. ಮರುಕಳಿಸುವ ಆ ಒಂದು ವಸ್ತುವನ್ನು ನೋಟ್‌ಬುಕ್ಕಿನ ಹೊಸ ಪುಟದ ಮೇಲೆ ಬರೆಯಿರಿ. ಎರಡು ಕಂಡರೆ ಎರಡನ್ನೂ ಬರೆದು, ನೋಡಿದ ತಕ್ಷಣ ಮತ್ತೊಂದು ತೆಗೆಯಬೇಕು ಅನ್ನಿಸುವುದನ್ನು ಇಟ್ಟುಕೊಳ್ಳಿ. ಏನೂ ಮರುಕಳಿಸಿಲ್ಲ ಅನ್ನಿಸಿದರೆ ನಿಮ್ಮನ್ನು ಬಲ್ಲ ಒಬ್ಬರನ್ನು ಕರೆದು ತೋರಿಸಿ, ಅವರಿಗೆ ಬೇಗ ಕಾಣುತ್ತದೆ.

ಒಂದು ವಾರ ಬಿಡುವು ಕೊಡಿ. ಆಮೇಲೆ ಡಬ್ಬಿಗೆ ಅದೇ ಚೀಟಿಗಳನ್ನು ಹಾಕಿ ಎರಡನೇ ಸುತ್ತು ಶುರು ಮಾಡಿ. ಈ ಸಲ ಪ್ರತಿ ಚೀಟಿಯನ್ನೂ ಆ ಒಂದು ವಸ್ತುವಿನಲ್ಲೇ ಹುಡುಕಬೇಕು. ನಿಮ್ಮ ವಸ್ತು ಬಾಗಿಲು ಅಂತಾದರೆ ಬಾಗಿಲಿನ ನೆರಳು, ಬಾಗಿಲಿನ ಸವೆತ, ಬಾಗಿಲಲ್ಲಿ ಮೂರು. ಇಲ್ಲಿಂದ ಕ್ಲಿಕ್ಕಿನ ಮಿತಿ ಹತ್ತರಿಂದ ಐದಕ್ಕೆ ಇಳಿಸಿ.